ಹೂವಿನ ಕಣಿವೆಯ ಬೀಜ, ಕುವೆಂಪುನಗರದ ಕುಂಡ

ಪ್ರಶ್ನೆ: ಮೇಷ್ಟ್ರೇ, ಹೋದ ವರ್ಷ ಸೆಪ್ಟೆಂಬರಿನಲ್ಲಿ ನಾವು ವಾಕಿಂಗ್ ಗೆಳತಿಯರು ಆರು ಜನ ಉತ್ತರಾಖಂಡದ ಹೂವಿನ ಕಣಿವೆಗೆ ಹೋಗಿದ್ದೆವು. ಹುಲ್ಲಿನ ನಡುವೆ ಗುಲಾಬಿ ಬಣ್ಣದ ಹೂವು, ಒಂದೊಂದಕ್ಕೂ ಆನೆ ಸೊಂಡಿಲು ಸುತ್ತಿಕೊಂಡ ಹಾಗೆ ಮೂತಿ, ಎಲೆ ಜರಿಗಿಡದ ಎಲೆಯಂತೆ. ಗೈಡ್ ‘ಪೆಡಿಕ್ಯುಲಾರಿಸ್’ ಅಂದ. ಒಣಗಿದ್ದ ಎರಡು ಕಾಯಿ ಕರ್ಚೀಫಿನಲ್ಲಿ ಕಟ್ಟಿ ತಂದೆ. ಕೋಕೋಪೀಟ್, ಎರೆಗೊಬ್ಬರ ಹಾಕಿ ಬಾಲ್ಕನಿಯಲ್ಲಿ ಬಿತ್ತಿದೆ. ಒಂದೂ ಮೊಳೆಯಲಿಲ್ಲ. ಎಲ್ಲಿ ತಪ್ಪಿದೆ?
– ಓದುಗರೊಬ್ಬರು, ಕುವೆಂಪುನಗರ, ಮೈಸೂರು

ಉತ್ತರ: ಬೈಯುವುದನ್ನು ಮೊದಲೇ ಮುಗಿಸಿಬಿಡುತ್ತೇನೆ ತಾಯಿ. ಆ ಕಣಿವೆ 1982ರಿಂದ ರಾಷ್ಟ್ರೀಯ ಉದ್ಯಾನ, 2005ರಿಂದ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಯಲ್ಲೂ ಇದೆ. ಅಲ್ಲಿಂದ ಹೂವಾಗಲಿ ಬೀಜವಾಗಲಿ ತರುವುದು ಕಾನೂನಿನ ಪ್ರಕಾರ ಅಪರಾಧ. ಇನ್ನೊಮ್ಮೆ ಫೋಟೊ ಮಾತ್ರ ತನ್ನಿ.

ಈಗ ಕುಂಡದ ವಿಷಯ. ಆ ಗಿಡ ಬೆಳೆಯುವುದು 3,000 ಮೀಟರಿಗಿಂತ ಮೇಲೆ, ವರ್ಷದಲ್ಲಿ ಅರ್ಧ ಕಾಲ ಹಿಮದಡಿ ಮಲಗುವ ನೆಲದಲ್ಲಿ. ಮೈಸೂರು ಇರುವುದು 770 ಮೀಟರಿನ ಆಸುಪಾಸು. ಈ ಕುಲದ ಅನೇಕ ಗಿಡಗಳ ಬೀಜ ಒದ್ದೆ ಚಳಿಯಲ್ಲಿ ಕೆಲವು ತಿಂಗಳು ಕಳೆಯದೆ ಕಣ್ಣು ಬಿಡುವುದಿಲ್ಲ. ಒದ್ದೆ ಮರಳಿನಲ್ಲಿ ಸುತ್ತಿ ಎರಡು–ಮೂರು ತಿಂಗಳು ಫ್ರಿಜ್ಜಿನಲ್ಲಿಟ್ಟಿದ್ದರೆ ನಾಲ್ಕಾರು ಮೊಳೆಯುತ್ತಿದ್ದವೇನೋ. ಆದರೂ ಬದುಕುತ್ತಿರಲಿಲ್ಲ. ಎರೆಗೊಬ್ಬರ ಎಲ್ಲ ಹಾಕಿದಿರಿ, ಹುಲ್ಲನ್ನು ಹಾಕಲಿಲ್ಲ ನೋಡಿ!

ಪೆಡಿಕ್ಯುಲಾರಿಸ್ ಅರೆ ಪರಾವಲಂಬಿ. ಎಲೆ ಹಸಿರಾಗಿದೆ, ಬಿಸಿಲಿನಲ್ಲಿ ತನ್ನ ಅಡುಗೆ ತಾನೇ ಮಾಡಿಕೊಳ್ಳುತ್ತದೆ. ಪಕ್ಕದ ಹುಲ್ಲಿನ ಬೇರಿನಿಂದ ಮುಖ್ಯವಾಗಿ ಕದಿಯುವುದು ನೀರು, ಉಪ್ಪುಸಾರಗಳನ್ನು. ಒಲೆ ತನ್ನದು, ನಲ್ಲಿ ಪಕ್ಕದ ಮನೆಯದು. ನಲವತ್ತು ವರ್ಷದ ಹಿಂದೆ ಊಟಿಯಾಚೆಯ ಒಂದು ಗುಡ್ಡದಲ್ಲಿ, ಆಗೆಲ್ಲ ಕೇಳುವವರಿರಲಿಲ್ಲ, ಈ ಜಾತಿಯದೊಂದು ಗಿಡವನ್ನು ಹುಲ್ಲಿನ ಹೆಂಟೆ ಸಮೇತ ಕಿತ್ತು ಬಕೆಟ್ ನೀರಿನಲ್ಲಿ ಅದ್ದಿದ್ದೆ. ಮಣ್ಣು ಕರಗಲು ಅರ್ಧ ಗಂಟೆ ಹಿಡಿಯಿತು. ಬೇರುಗಳು ಬಿಡಿಬಿಡಿಯಾಗಿ ಬರುತ್ತವೆ ಅಂದುಕೊಂಡಿದ್ದೆ, ಬರಲಿಲ್ಲ. ಗಿಡದ ಬೇರಿನ ಮೇಲೆ ಅಲ್ಲಲ್ಲಿ ರಾಗಿಕಾಳಿಗಿಂತ ಸಣ್ಣ ಬಿಳಿ ಗಂಟು, ಒಂದೊಂದು ಗಂಟೂ ಒಂದೊಂದು ಹುಲ್ಲಿನ ಬೇರನ್ನು ಕಚ್ಚಿ ಹಿಡಿದಿತ್ತು. ಎಳೆದರೆ ಹುಲ್ಲಿನ ಬೇರೇ ಹರಿಯಿತು, ಹಿಡಿತ ಬಿಡಲಿಲ್ಲ. ಇವೇ ಹೀರುಬೇರುಗಳು. ಹುಲ್ಲಿನ ಬೇರಿನೊಳಗೆ ನೀರು ಹರಿಯುವ ನಾಳದವರೆಗೂ ಕೊರೆದುಕೊಂಡು ಹೋಗಿ ಅಲ್ಲಿಗೇ ಕೊಳವೆ ಜೋಡಿಸಿಕೊಳ್ಳುತ್ತವೆ. ಇಂಥದೇ ಹುಲ್ಲು ಬೇಕೆಂಬ ಮಡಿಯೂ ಇಲ್ಲ, ಒಂದೇ ಗಿಡ ನಾಲ್ಕು ಜಾತಿಯ ಬೇರಿಗೆ ಏಕಕಾಲಕ್ಕೆ ಬಾಯಿ ಹಾಕಿರುತ್ತದೆ. ಆಸರೆ ಸಿಗದಿದ್ದರೂ ಸ್ವಲ್ಪ ದಿನ ಜೀವ ಹಿಡಿದಿರಬಹುದು, ಗಿಡ್ಡಗೆ, ಬಡಕಲಾಗಿ.

ನೀವು ಹೇಳಿದ ಸೊಂಡಿಲಿನ ಕಥೆ ಇನ್ನೂ ಚೆಂದ. ಹೂವಿನ ಮೇಲ್ದುಟಿ ಟೋಪಿಯಂತೆ ಬಾಗಿ ಕೊಕ್ಕಾಗುತ್ತದೆ, ಕೇಸರಗಳು ಅದರೊಳಗೆ ಅಡಗಿರುತ್ತವೆ. ಇಂಥ ಕೊಕ್ಕಿನ ಎಷ್ಟೋ ಜಾತಿಗಳಲ್ಲಿ ಮಕರಂದದ ಹನಿಯೂ ಇರುವುದಿಲ್ಲ. ಬರುವ ಬಂಬಲ್‌ಬೀ ಎಂಬ ರೋಮದ ಜೇನಿಗೆ ಸಿಗುವ ಕೂಲಿ ಪರಾಗ ಒಂದೇ. ಹೂವಿಗೆ ತೂಗುಬಿದ್ದು ರೆಕ್ಕೆಯ ಸ್ನಾಯುಗಳನ್ನು ಜೋರಾಗಿ ನಡುಗಿಸುತ್ತದೆ, ಪರಾಗ ಹಿಟ್ಟು ಜರಡಿ ಹಿಡಿದಂತೆ ಉದುರುತ್ತದೆ. ಈ ಜೇನು ಹಿಮಾಲಯದಲ್ಲುಂಟು, ನಮ್ಮ ದಕ್ಷಿಣದಲ್ಲಿಲ್ಲ. ಇಲ್ಲಿ ನಾವು ಬಂಬಲ್‌ಬೀ ಎಂದು ಮಕ್ಕಳಿಗೆ ತೋರಿಸುವುದು ಮರ ಕೊರೆಯುವ ಕಪ್ಪು ದುಂಬಿಯನ್ನು. ಹಾಗಾಗಿ ನಿಮ್ಮ ಬಾಲ್ಕನಿಯಲ್ಲಿ ಹೂವೇನಾದರೂ ಅರಳಿದ್ದರೂ ಅದರ ಅತಿಥಿ ಬರುತ್ತಿರಲಿಲ್ಲ.

ಹೆಸರಿನದೂ ಒಂದು ತಮಾಷೆ. ಲ್ಯಾಟಿನ್ನಿನ ‘ಪೆಡಿಕ್ಯುಲಸ್’ ಅಂದರೆ ಹೇನು. ಈ ಗಿಡ ಮೇಯ್ದ ದನಕುರಿಗೆ ಹೇನು ಹತ್ತುತ್ತದೆ ಎಂದು ಯೂರೋಪಿನ ಹಳೆಯ ರೈತರು ನಂಬಿದ್ದರು. ಹೇನಿಗೂ ಇದಕ್ಕೂ ಸಂಬಂಧವಿಲ್ಲ.

ನೋಡಲೇಬೇಕೆಂದರೆ ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಪೆಡಿಕ್ಯುಲಾರಿಸ್ ಝೈಲಾನಿಕಾ ಎಂಬ ಜಾತಿ ನೀಲಗಿರಿಯ ಎತ್ತರದ ಹುಲ್ಲುಗಾವಲುಗಳಲ್ಲಿದೆ, ಶ್ರೀಲಂಕಾದಲ್ಲೂ ಇದೆ. ಬೆಳಿಗ್ಗೆ ಮೈಸೂರು ಬಿಟ್ಟರೆ ಮಧ್ಯಾಹ್ನದೊಳಗೆ ಊಟಿ. ಆದರೆ ಅಲ್ಲಿನ ಹುಲ್ಲುಗುಡ್ಡಗಳ ದೊಡ್ಡ ಪಾಲನ್ನು ವ್ಯಾಟಲ್ ಎಂಬ ಹೊರದೇಶದ ಮರ, ನೀಲಗಿರಿ ಮರ, ಚಹಾತೋಟಗಳು ನುಂಗಿವೆ. ಹುಲ್ಲು ಹೋದ ಕಡೆ ಈ ಹೂವೂ ಹೋಗಿದೆ. ಆ ಗುಡ್ಡಗಳನ್ನು ‘ಪಾಳು’ ಎಂದು ಕಾಗದದಲ್ಲಿ ಬರೆದವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಪ್ರಶ್ನೆ: ಎರಡು ವರ್ಷದ ಹಿಂದೆ ಬದುವಿನ ಮೇಲೆ ಮೂವತ್ತು ಶ್ರೀಗಂಧದ ಸಸಿ ಇಟ್ಟೆ. ನರ್ಸರಿಯವರು ಹೇಳಿದಂತೆ ಪಕ್ಕದಲ್ಲಿ ತೊಗರಿ ಹಾಕಿದ್ದೆ. ಗಂಧಕ್ಕೆ ಹಾಕಿದ ಗೊಬ್ಬರವನ್ನೆಲ್ಲ ತೊಗರಿಯೇ ತಿನ್ನುತ್ತೆ ಅಂತ ಮಗ ಕಿತ್ತುಹಾಕಿದ. ಈಗ ಗಂಧದ ಎಲೆ ಹಳದಿ ತಿರುಗಿದೆ. ಯೂರಿಯಾ ಕೊಡಲೇ ಸ್ವಾಮಿ?
– ರೈತರು, ಮದ್ದೂರು ತಾಲ್ಲೂಕು

ಉತ್ತರ: ಯೂರಿಯಾ ಚೀಲ ಪಕ್ಕಕ್ಕಿಡಿ ಗೌಡ್ರೇ. ನಿಮ್ಮ ಮಗ ಕಳ್ಳನನ್ನು ಬಿಟ್ಟು ಮನೆ ಯಜಮಾನನನ್ನು ಓಡಿಸಿದ್ದಾನೆ. ತಿನ್ನುತ್ತಿದ್ದುದು ಗಂಧ, ತಿನ್ನಿಸುತ್ತಿದ್ದುದು ತೊಗರಿ. ಮೇಲಿನ ಉತ್ತರದಲ್ಲಿ ಹೇಳಿದ ಬಿಳಿ ಗಂಟು ಗಂಧದ ಬೇರಿನಲ್ಲೂ ಇದೆ. 1871ರಲ್ಲೇ ಜಾನ್ ಸ್ಕಾಟ್ ಎಂಬ ಸಸ್ಯವಿಜ್ಞಾನಿ ಇದನ್ನು ಗುರುತಿಸಿದ್ದರು. 1916ರಲ್ಲಿ ಶುರುವಾದ ಮೈಸೂರಿನ ಗಂಧದೆಣ್ಣೆ ಕಾರ್ಖಾನೆಯ ಘಮವೆಲ್ಲ ನೆರೆಯ ಬೇರುಗಳಿಂದ ಕಡ ತಂದು ಬೆಳೆದ ಮರದ್ದೇ.

ಮಳೆ ಬಿದ್ದ ಕೂಡಲೇ ಪ್ರತಿ ಸಸಿಯ ಪಕ್ಕ ಮತ್ತೆ ತೊಗರಿ ಬಿತ್ತಿ. ತೊಗರಿ ಹೆಚ್ಚು ಕಾಲ ಬಾಳುವ ಗಿಡವಲ್ಲ, ಅದಕ್ಕೇ ಜೊತೆಜೊತೆಗೆ ಹೊಂಗೆ, ಸರ್ವೆ ಅಥವಾ ಹೆಬ್ಬೇವನ್ನು ಸ್ವಲ್ಪ ಅಂತರ ಬಿಟ್ಟು ನೆಡಿ. ಗಂಧ ದೊಡ್ಡದಾಗುತ್ತ ಅವುಗಳ ಬೇರಿಗೆ ಕೈ ಚಾಚುತ್ತದೆ. ನೆರಳು ಪೂರಾ ಮುಚ್ಚದಂತೆ ಕೊಂಬೆ ಸವರುತ್ತಿರಿ, ಬುಡ ಮಾತ್ರ ಕೀಳಬೇಡಿ. ಗಂಧದ ಬುಡದಲ್ಲಿ ಆಳವಾಗಿ ಅಗೆಯಬೇಡಿ, ಕೂಡಿಕೊಂಡ ಬೇರು ಕಡಿದುಹೋಗುತ್ತದೆ.

ಪ್ರಶ್ನೆ: ನಮ್ಮ ಜೋಳದ ಹೊಲದಲ್ಲಿ ಗೇಣುದ್ದದ, ಬಿಳಿ ಹೂವಿನ ಕಸ ಎದ್ದಿದೆ. ಅದಿರುವ ಕಡೆ ಜೋಳ ಬಾಡುತ್ತದೆ. ಇದೂ ಅದೇ ಬಳಗವೇ?
– ಓದುಗರು, ನಂಜನಗೂಡು

ಉತ್ತರ: ಅದೇ ಬಳಗ, ಪೆಡಿಕ್ಯುಲಾರಿಸ್‌ನ ಸ್ವಂತ ಕುಟುಂಬದ್ದೇ. ಬಿಳಿ ಕಸ ಅನ್ನುತ್ತಾರೆ, ವಿಜ್ಞಾನದವರಿಗೆ ಸ್ಟ್ರೈಗಾ. ಬೀಜ ಧೂಳಿನಷ್ಟು ಸಣ್ಣದು, ಒಂದೇ ಗಿಡ ಸಾವಿರಗಟ್ಟಲೆ ಉದುರಿಸುತ್ತದೆ. ಅವು ಮಣ್ಣಿನಲ್ಲಿ ವರ್ಷಗಟ್ಟಲೆ ಕಾದು ಕುಳಿತು, ಹತ್ತಿರದ ಬೇರು ಸೋರುವ ರಾಸಾಯನಿಕದ ಸುಳಿವು ಸಿಕ್ಕಾಗ ಮಾತ್ರ ಮೊಳೆಯುತ್ತವೆ. ನೆಲದ ಮೇಲೆ ನಿಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಕೆಳಗೆ ಅರ್ಧ ಹಾನಿ ಆಗಿರುತ್ತದೆ. ಮುಂದಿನ ವರ್ಷ ಅದೇ ಜಾಗಕ್ಕೆ ಜೋಳ ಬೇಡ. ಈ ವರ್ಷ ಹೂವು ಕಾಯಿಕಟ್ಟುವ ಮುನ್ನ ಕಿತ್ತುಬಿಡಿ, ಕಿತ್ತದ್ದನ್ನು ಬದುವಿಗೆ ಎಸೆಯದೆ, ತಿಪ್ಪೆಗೂ ಹಾಕದೆ ಅಲ್ಲೇ ಸುಡಿ.