ಬಣ್ಣದ ತ್ಯಾಜ್ಯನೀರಿಗೆ ಕಡಲಪಾಚಿ ಉಪಯೋಗವೇ?

ಹಾಸನದ ಜವಳಿ ಘಟಕಗಳ ಬಣ್ಣದ ನೀರನ್ನು ಕಡಲಪಾಚಿಯಿಂದ ಶುದ್ಧೀಕರಿಸಬಹುದೇ ಎಂಬ ಪ್ರಶ್ನೆಗೆ ಉತ್ತರವು ಬಣ್ಣ ಯಾವ ಬಗೆಯದು ಎಂಬುದನ್ನು ಅವಲಂಬಿಸಿದೆ. ಇದಕ್ಕಾಗಿ ಪಾಚಿಯನ್ನು ಬೆಳೆಸಬೇಕಾಗಿಲ್ಲ; ತೊಳೆದು, ಒಣಗಿಸಿ, ಪುಡಿಮಾಡಿದ ನಿರ್ಜೀವ ಪಾಚಿಯೇ ಸಾಕು. ಸರ್ಗಾಸಮ್‌ನಂತಹ ಕಂದು ಪಾಚಿಗಳ ಕೋಶಭಿತ್ತಿಯಲ್ಲಿರುವ ಆಲ್ಜಿನೇಟ್ ಎಂಬ ಅಂಟಿನಂತಹ ಪದಾರ್ಥದ ಕಾರ್ಬಾಕ್ಸಿಲ್ ಗುಂಪುಗಳು (ಆಮ್ಲಗುಣದ ಪರಮಾಣು ಗುಂಪುಗಳು) ನೀರಿನಲ್ಲಿ ಋಣ ವಿದ್ಯುದಾವೇಶವನ್ನು ಪಡೆಯುವುದರಿಂದ, ಮೆಥಿಲೀನ್ ಬ್ಲೂನಂತಹ ಧನ ಆವೇಶದ ಬಣ್ಣಗಳು ಅವುಗಳಿಗೆ ಸುಲಭವಾಗಿ ಅಂಟಿಕೊಳ್ಳುತ್ತವೆ.

ಹತ್ತಿ ಬಟ್ಟೆಗೆ ಹಾಕುವ ರಿಯಾಕ್ಟಿವ್ ಬಣ್ಣಗಳಾದರೋ ಋಣ ಆವೇಶದವು. ಅವನ್ನು ಹಿಡಿಯಬೇಕಾದರೆ ಸಾಮಾನ್ಯವಾಗಿ ಆಮ್ಲ ಸೇರಿಸಿ ನೀರಿನ ಪಿಎಚ್ (ಆಮ್ಲ-ಕ್ಷಾರ ಮಟ್ಟದ ಅಳತೆ) ಅನ್ನು 2ರ ಆಸುಪಾಸಿಗೆ ಇಳಿಸಬೇಕಾಗುತ್ತದೆ. ಆದರೆ ಬಣ್ಣದ ತೊಟ್ಟಿಯಿಂದ ಹೊರಬರುವ ನೀರು ಕ್ಷಾರೀಯವಾಗಿದ್ದು ಉಪ್ಪಿನಿಂದ ತುಂಬಿರುವ ಕಾರಣ, ಆಮ್ಲದ ಖರ್ಚೇ ಪಾಚಿಯ ಬೆಲೆಯನ್ನು ಮೀರಬಹುದು. ಆ ಉಪ್ಪನ್ನಂತೂ ಪಾಚಿ ತೆಗೆಯುವುದಿಲ್ಲ. ಬಣ್ಣವೂ ನಾಶವಾಗುವುದಿಲ್ಲ, ನೀರಿನಿಂದ ಪುಡಿಗೆ ಸ್ಥಳಾಂತರವಾಗುತ್ತದೆ ಅಷ್ಟೆ. ಹಾಗಾಗಿ ಬಳಸಿದ ಪುಡಿಯನ್ನು ತೋಟಕ್ಕೆ ಗೊಬ್ಬರವೆಂದು ಸುರಿಯುವಂತಿಲ್ಲ.

ನನ್ನ ಅಭಿಪ್ರಾಯದಲ್ಲಿ, ತಮಿಳುನಾಡಿನ ಮಂಡಪಂ ಕರಾವಳಿಯಿಂದ ಪಾಚಿಯನ್ನು ಘಟಕಕ್ಕೆ ತರಿಸುವ ಮೊದಲು, ಸಕಲೇಶಪುರ, ಚಿಕ್ಕಮಗಳೂರುಗಳ ಕ್ಯೂರಿಂಗ್ (ಕಾಫಿ ಸಂಸ್ಕರಣಾ) ಘಟಕಗಳಲ್ಲಿ ಸಿಗುವ ಕಾಫಿ ಹೊಟ್ಟನ್ನು ಅದೇ ನೀರಿನಲ್ಲಿ ಪರೀಕ್ಷಿಸಿ ನೋಡುವುದು ಲೇಸು. ಅದಕ್ಕೂ ಬಣ್ಣ ಹೀರುವ ಗುಣವಿದೆ, ಸಾಗಣೆಯ ವೆಚ್ಚವೂ ಕಡಿಮೆ.