ಸಂಕಷ್ಟಿಯ ಚಂದ್ರ ಹೇಳಿದ ಹೊತ್ತಿಗೆ ಏಕೆ ಕಾಣುವುದಿಲ್ಲ?

ಪ್ರಶ್ನೆ: ನಾವು ಬೆಂಗಳೂರಿನಲ್ಲಿ ಅಪಾರ್ಟ್‌ಮೆಂಟ್ ಒಂದರ ಎರಡನೇ ಮಹಡಿಯಲ್ಲಿದ್ದೇವೆ. ಅತ್ತೆಯವರು ಪ್ರತಿ ಸಂಕಷ್ಟಿಯಂದು ಚಂದ್ರನನ್ನು ನೋಡಿ ಅರ್ಘ್ಯ ಕೊಟ್ಟ ಮೇಲೆಯೇ ಊಟ ಮಾಡುತ್ತಾರೆ. ಕ್ಯಾಲೆಂಡರಿನಲ್ಲಿರುವ ಚಂದ್ರೋದಯದ ಸಮಯ ಕಳೆದು ಮುಕ್ಕಾಲು ಗಂಟೆಯಾದರೂ ಚಂದ್ರ ಕಾಣುವುದಿಲ್ಲ. ಮಂಗಳೂರಿನಲ್ಲಿರುವ ನಾದಿನಿ ಹೇಳುವ ಸಮಯವೇ ಬೇರೆ. ಯಾವುದು ಸರಿ? ಸಂಕಷ್ಟಿ ಕಳೆದ ಎರಡು ಮೂರು ದಿನಕ್ಕೆ ಬೆಳಿಗ್ಗೆ ಶಾಲೆಯ ಬಸ್ಸು ಬರುವ ಹೊತ್ತಿನಲ್ಲಿ ಚಂದ್ರ ಕಾಣುತ್ತಾನೆ. ಹಗಲು ಹೊತ್ತು ಅವನಿಗೇನು ಕೆಲಸ ಎಂದು ಮಗಳು ಕೇಳುತ್ತಾಳೆ.

ಉತ್ತರ: ಎರಡು ಸಮಯಗಳೂ ಸರಿಯಾಗಿರಬಹುದು, ಏಕೆಂದರೆ ಚಂದ್ರೋದಯವು ಆಯಾ ಊರಿಗೆ ಸೇರಿದ ಲೆಕ್ಕ. ಮಂಗಳೂರು ಬೆಂಗಳೂರಿಗಿಂತ ಸುಮಾರು 2.7 ಡಿಗ್ರಿ ಪಶ್ಚಿಮಕ್ಕಿದೆ. ಭೂಮಿ ಒಂದು ಡಿಗ್ರಿ ತಿರುಗಲು 4 ನಿಮಿಷ ಬೇಕು. ಆದ್ದರಿಂದ ಅಲ್ಲಿ ಚಂದ್ರ 11 ನಿಮಿಷದಷ್ಟು ತಡವಾಗಿ ಹುಟ್ಟುತ್ತಾನೆ. ಎರಡೂ ಊರುಗಳ ಅಕ್ಷಾಂಶ ಬಹುತೇಕ ಒಂದೇ ಆಗಿರುವುದರಿಂದ ಈ ಅಂತರ ವರ್ಷವಿಡೀ ಹೆಚ್ಚು ಬದಲಾಗುವುದಿಲ್ಲ. ಬೀದರಿನ ಮಾತು ಬೇರೆ. ಅದು ಬೆಂಗಳೂರಿನ ನೇರ ಉತ್ತರಕ್ಕೇ ಇದ್ದರೂ ಐದು ಡಿಗ್ರಿ ಮೇಲಿದೆ; ಚಂದ್ರ ಉತ್ತರಕ್ಕೆ ವಾಲಿರುವ ದಿನಗಳಲ್ಲಿ ಅಲ್ಲಿ ಕೆಲವು ನಿಮಿಷ ಮೊದಲು, ದಕ್ಷಿಣಕ್ಕೆ ವಾಲಿರುವಾಗ ಕೆಲವು ನಿಮಿಷ ತಡವಾಗಿ ಉದಯವಾಗುತ್ತದೆ. ಕ್ಯಾಲೆಂಡರ್ ಕೊಳ್ಳುವಾಗ ಸಮಯವನ್ನು ಯಾವ ಊರಿಗೆ ಲೆಕ್ಕ ಹಾಕಿದ್ದಾರೆಂದು ನೋಡಿಕೊಳ್ಳುವುದು ಒಳ್ಳೆಯದು. ಅದನ್ನು ಬಹಳಷ್ಟು ಕಡೆ ಸಣ್ಣಕ್ಷರದಲ್ಲಿ ಮೂಲೆಗೆ ತಳ್ಳಿರುತ್ತಾರೆ.

ನಿಮ್ಮ ಮುಕ್ಕಾಲು ಗಂಟೆಗೆ ಕಾರಣ ಎದುರಿನ ಕಟ್ಟಡ. ಅಚ್ಚಾದ ಸಮಯವು ಅಡ್ಡಿಯೇ ಇಲ್ಲದ ಬಯಲಿನ ಅಂಚಿನಲ್ಲಿ ಚಂದ್ರನ ಮೇಲ್ತುದಿ ಇಣುಕುವ ಕ್ಷಣದ್ದು. ಬಾಲ್ಕನಿಯಲ್ಲಿ ನಿಂತು ತೋಳನ್ನು ಪೂರ್ತಿ ಮುಂದಕ್ಕೆ ಚಾಚಿ ಮುಷ್ಟಿ ಹಿಡಿಯಿರಿ. ಆ ಮುಷ್ಟಿಯ ಅಗಲ ಆಕಾಶದಲ್ಲಿ ಹೆಚ್ಚುಕಡಿಮೆ 10 ಡಿಗ್ರಿ. ಬೆಂಗಳೂರಿನಲ್ಲಿ ಹುಟ್ಟಿದ ಚಂದ್ರ ಅಷ್ಟು ಮೇಲೇರಲು 40ರಿಂದ 45 ನಿಮಿಷ ಬೇಕು. ಕಣ್ಣಿನ ಮಟ್ಟದಿಂದ ಎದುರುಮನೆಯ ನೀರಿನ ಟ್ಯಾಂಕಿನ ತುದಿಯವರೆಗೆ ಒಂದೇ ಮುಷ್ಟಿ ಹಿಡಿದರೂ ನಿಮ್ಮ ಕಾಯುವಿಕೆಯ ಲೆಕ್ಕ ಅಲ್ಲಿಗೆ ಮುಗಿಯಿತು. ಚಂದ್ರ ಪ್ರತಿ ತಿಂಗಳೂ ಒಂದೇ ಜಾಗದಲ್ಲಿ ಹುಟ್ಟುವುದೂ ಇಲ್ಲ. ಚಳಿಗಾಲದ ಹುಣ್ಣಿಮೆಯ ಸುತ್ತಮುತ್ತ ಈಶಾನ್ಯಕ್ಕೆ, ಬೇಸಿಗೆಯ ಕೊನೆಯಲ್ಲಿ ಆಗ್ನೇಯಕ್ಕೆ ಸರಿದಿರುತ್ತಾನೆ. ಒಂದು ಸಂಕಷ್ಟಿಗೆ ಕಟ್ಟಡದ ಹಿಂದೆ ಅಡಗಿದವನು ಆರು ತಿಂಗಳ ಬಳಿಕ ಪಕ್ಕದ ಖಾಲಿ ಸೈಟಿನ ಮೇಲೆ ಸಲೀಸಾಗಿ ಕಾಣಬಹುದು.

ಇನ್ನು ಚಂದ್ರ ದಿನದಿಂದ ದಿನಕ್ಕೆ ತಡಮಾಡುವ ವಿಚಾರ. ಭೂಮಿ ಒಂದು ಸುತ್ತು ತಿರುಗುವಷ್ಟರಲ್ಲಿ ಚಂದ್ರ ನಕ್ಷತ್ರಗಳ ನಡುವೆ ಪೂರ್ವಕ್ಕೆ ಸುಮಾರು 13 ಡಿಗ್ರಿ ನಡೆದಿರುತ್ತಾನೆ. ಅವನನ್ನು ಹಿಡಿಯಲು ಭೂಮಿ ಇನ್ನಷ್ಟು ತಿರುಗಬೇಕು. ಹೀಗಾಗಿ ಉದಯವು ದಿನಕ್ಕೆ ಸರಾಸರಿ 50 ನಿಮಿಷ ಹಿಂದೆ ಬೀಳುತ್ತದೆ. ಹುಣ್ಣಿಮೆಯಂದು ಸೂರ್ಯ ಮುಳುಗುವ ಹೊತ್ತಿಗೆ ಹುಟ್ಟಿದ ಚಂದ್ರ ಬಹುಳ ಚೌತಿಯ ದಿನ ರಾತ್ರಿ 9ರ ಸುಮಾರಿಗೆ ಹುಟ್ಟುವುದು ಇದೇ ಕಾರಣಕ್ಕೆ. ಗಣೇಶನ ಹಬ್ಬದ ಶುದ್ಧ ಚೌತಿಯಲ್ಲಿ ಇದು ತಿರುಗುಮುರುಗು: ಅಂದು ಚಂದ್ರ ಮುಳುಗುವುದೇ 9ರ ಸುಮಾರಿಗೆ. ನೋಡಲೇಬೇಕಾದ ಚೌತಿಯ ಚಂದ್ರನೂ ನೋಡಬಾರದ ಚೌತಿಯ ಚಂದ್ರನೂ ಗಡಿಯಾರದಲ್ಲಿ ಒಂದೇ ಕಡೆ ಎದುರಾಗುವುದು ನನಗಂತೂ ಸ್ವಾರಸ್ಯವಾಗಿ ಕಾಣುತ್ತದೆ.

ಆದರೆ ಈ ನಡಿಗೆ ಸಮನಾಗಿಲ್ಲ. 2025ರ ಭಾದ್ರಪದವನ್ನೇ ತೆಗೆದುಕೊಳ್ಳಿ. ಆಗಸ್ಟ್ 23ರ ಬೆಳಿಗ್ಗೆ 11.36ಕ್ಕೆ ಅಮಾವಾಸ್ಯೆ ಮುಗಿದು, 31ರ ಬೆಳಿಗ್ಗೆ 11.55ಕ್ಕೆ ಅರ್ಧಚಂದ್ರನಾಯಿತು, ಅಂದರೆ ಭರ್ತಿ ಎಂಟು ದಿನ ಹಿಡಿಯಿತು. ಸೆಪ್ಟೆಂಬರ್ 7ರ ರಾತ್ರಿ 11.39ಕ್ಕೆ ಹುಣ್ಣಿಮೆ, ಜೊತೆಗೆ ಪೂರ್ಣ ಚಂದ್ರಗ್ರಹಣ. ಅಲ್ಲಿಂದ 14ರ ಸಂಜೆ 4.03ಕ್ಕೆ ಮತ್ತೆ ಅರ್ಧಚಂದ್ರ. ಈ ಕಾಲುಭಾಗ ಆರು ದಿನ ಹದಿನಾರೂವರೆ ಗಂಟೆಯೊಳಗೇ ಮುಗಿಯಿತು. ಆಗಸ್ಟ್ ಕೊನೆಯಲ್ಲಿ ಭೂಮಿಯಿಂದ ದೂರವಿದ್ದು ನಿಧಾನವಾಗಿ ಸಾಗಿದ ಚಂದ್ರ, ಸೆಪ್ಟೆಂಬರ್ 10ರ ಹೊತ್ತಿಗೆ ಹತ್ತಿರ ಬಂದು ವೇಗ ಹೆಚ್ಚಿಸಿಕೊಂಡದ್ದೇ ಇದಕ್ಕೆ ಕಾರಣ. ಒಂದು ತಿಥಿ ಕೆಲವೊಮ್ಮೆ 20 ಗಂಟೆಗೇ ಮುಗಿದು, ಕೆಲವೊಮ್ಮೆ 26 ಗಂಟೆ ದಾಟುವುದೂ ಹೀಗೆಯೇ.

ಉದಯ ಹೀಗೆ ಹಿಂದೆ ಬೀಳುತ್ತ ಬಹುಳ ಅಷ್ಟಮಿಯ ಆಸುಪಾಸು ನಡುರಾತ್ರಿಯನ್ನು ದಾಟುತ್ತದೆ. ಆಗ ಒಂದು ತಾರೀಖಿಗೆ ಚಂದ್ರೋದಯವೇ ಇರುವುದಿಲ್ಲ, ಪಟ್ಟಿಯಲ್ಲಿ ಆ ಮನೆ ಖಾಲಿ ಬಿಟ್ಟಿರುತ್ತಾರೆ. ಅದು ಅಚ್ಚಿನ ತಪ್ಪಲ್ಲ. ಹುಟ್ಟುವುದು ತಡವಾದಷ್ಟೂ ಮುಳುಗುವುದೂ ತಡ: ಷಷ್ಠಿ, ಸಪ್ತಮಿಯ ಚಂದ್ರ ರಾತ್ರಿ ಹತ್ತು ಹನ್ನೊಂದರ ಬಳಿಕ ಹುಟ್ಟಿ ಮರುದಿನ ಹಗಲೇರಿದ ಮೇಲೆ ಮುಳುಗುತ್ತಾನೆ. ಶಾಲೆಯ ಬಸ್ಸಿನ ಹೊತ್ತಿಗೆ ಅವನಿನ್ನೂ ಪಶ್ಚಿಮದ ಆಕಾಶದಲ್ಲಿ ಸಾಕಷ್ಟು ಎತ್ತರದಲ್ಲಿರುತ್ತಾನೆ. ನಿಮ್ಮ ಮಗಳಿಗೆ ಹೀಗೆ ಹೇಳಬಹುದು: ಚಂದ್ರ ರಾತ್ರಿಪಾಳಿಗೆ ತಡವಾಗಿ ಬಂದವನು, ಆದ್ದರಿಂದ ಮನೆಗೂ ತಡವಾಗಿ ಹೋಗುತ್ತಾನೆ.

ನೀವು ಕೇಳದಿದ್ದರೂ ಒಂದು ಮಾತು ಸೇರಿಸಬೇಕು. ಚಂದ್ರೋದಯ ಊರಿಗೊಂದು, ಆದರೆ ತಿಥಿ ಜಗತ್ತಿಗೆಲ್ಲ ಒಂದೇ ಕ್ಷಣದಲ್ಲಿ ಮುಗಿಯುತ್ತದೆ, ಏಕೆಂದರೆ ಅದು ಸೂರ್ಯ ಚಂದ್ರರ ನಡುವಿನ 12 ಡಿಗ್ರಿಯ ಅಂತರ. ಸಂಕಷ್ಟಿಗೆ ಚಂದ್ರೋದಯದ ಹೊತ್ತಿಗೆ ಚೌತಿ ಇರಬೇಕೆಂಬ ನಿಯಮವಿರುವುದರಿಂದ, ನ್ಯೂಜೆರ್ಸಿಯಲ್ಲಿರುವ ಬಂಧುಗಳು ಇಲ್ಲಿಯ ಕ್ಯಾಲೆಂಡರಿನ ತಾರೀಖನ್ನೇ ಹಿಡಿದರೆ ಕೆಲವು ತಿಂಗಳು ಪಂಚಮಿಯ ಚಂದ್ರನಿಗೆ ಅರ್ಘ್ಯ ಕೊಟ್ಟಂತಾಗುತ್ತದೆ. ಅಲ್ಲಿ ಚಂದ್ರ ಹುಟ್ಟುವಷ್ಟರಲ್ಲಿ ಚೌತಿ ಮುಗಿದಿರುತ್ತದೆ. ಅಂಥ ತಿಂಗಳಲ್ಲಿ ಅವರ ಸಂಕಷ್ಟಿ ಹಿಂದಿನ ತಾರೀಖಿಗೆ ಬೀಳುತ್ತದೆ.

ಮೋಡ ಕವಿದ ಆಷಾಢ ಶ್ರಾವಣಗಳಲ್ಲಿ ಅತ್ತೆಯವರು ಎಷ್ಟು ಹೊತ್ತು ಕಾಯಬೇಕೆಂಬುದನ್ನು ಪುರೋಹಿತರೇ ಹೇಳಬೇಕು. ಖಗೋಳದ ಲೆಕ್ಕದಲ್ಲಿ ಮಾತ್ರ, ಬೆಂಗಳೂರಿಗೆಂದು ಕೊಟ್ಟ ಸಮಯ ಕಳೆದ ಮೇಲೆ ಮೋಡದ ಹಿಂದಿರಲಿ, ಟ್ಯಾಂಕಿನ ಹಿಂದಿರಲಿ, ಚಂದ್ರ ಹುಟ್ಟಿಯಾಗಿರುತ್ತದೆ.