ಇಸಾಂಪುರದಲ್ಲಿ ಕಲ್ಲಿನ ಕೈಗೊಡಲಿ ಮಾಡಿದ ಆದಿಮಾನವರಿಗೆ ಮಾತು ಬರುತ್ತಿತ್ತಾ?

ಹೌದು ಅನ್ನಲು ಪುರಾವೆ ಇಲ್ಲ. ಮಾತು ಕಲ್ಲಿನ ಹಾಗೆ ಮಣ್ಣಲ್ಲಿ ಉಳಿಯೋದಿಲ್ಲ. ಯಾದಗಿರಿ ಜಿಲ್ಲೆಯ ಹುಣಸಗಿ ಹತ್ತಿರದ ಈ ನೆಲೆ ಸುಮಾರು 12 ಲಕ್ಷ ವರ್ಷ ಹಳೆಯದು. ಸುಣ್ಣಕಲ್ಲಿನ ಚಪ್ಪಡಿಯ ಅಂಚಿಗೆ ಗುಂಡುಕಲ್ಲಿನಿಂದ ಹೊಡೆದು ಚಕ್ಕೆ ಎಬ್ಬಿಸುತ್ತಿದ್ದರು. ಅಂಚಿನ ಕೋನ 90 ಡಿಗ್ರಿಗಿಂತ ಕಡಿಮೆ ಇರಬೇಕು. ಹೆಚ್ಚಾದರೆ ಚಕ್ಕೆ ಏಳದೆ ಅಂಚು ಜಜ್ಜಿಹೋಗುತ್ತದೆ. ಇದನ್ನು ಕೈಯಲ್ಲಿ ಮಾಡಿ ತೋರಿಸಿಯೂ ಕಲಿಸಬಹುದು, ವ್ಯಾಕರಣ ಬೇಕೇಬೇಕು ಅಂತೇನಿಲ್ಲ.

ಗಂಟಲಿನ ರಚನೆಯೇ ಮಾತಿನ ಗುಟ್ಟು ಎಂಬ ಹಳೆಯ ವಾದ ಈಗ ಸಡಿಲಾಗಿದೆ. ಮಕಾಕ್ (ನಮ್ಮೂರ ಮಂಗ್ಯಾನ ಬಳಗವೇ) ಗಂಟಲಿನಿಂದಲೂ ಹಲವು ಸ್ವರ ಹೊರಡಬಲ್ಲವು ಎಂದು 2016ರಲ್ಲಿ ಎಕ್ಸ್-ರೇ ಅಳತೆಗಳು ತೋರಿಸಿದವು. ಕೊರತೆ ಇರುವುದು ಅದನ್ನು ನಡೆಸುವ ಮಿದುಳಿನಲ್ಲಿ. ಅಳಿದುಹೋದ ನಮ್ಮ ಹತ್ತಿರದ ಮಾನವ ಬಳಗವಾದ ನಿಯಾಂಡರ್ತಲ್‌ಗಳಲ್ಲೂ ನಮ್ಮದೇ ಬಗೆಯ, ಮಾತಿಗೆ ನಂಟಿರುವ ಫಾಕ್ಸ್‌ಪಿ2 ಜೀನ್ 2007ರಲ್ಲಿ ಪತ್ತೆಯಾಯಿತು. ಆದರೆ ಅದೊಂದನ್ನೇ ‘ಭಾಷೆಯ ಜೀನ್’ ಅನ್ನೋದು ಅತಿಯಾಯ್ತು.